ಎಲ್ಲಿಂದ ಅಳೆಯುವುದು

ನಮ್ಮೂರಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೆಲ ಒಂದು ಗೇಣು ಮೇಲೆ ಬಂದಿರುತ್ತದೆ. ಪ್ರತಿ ವರ್ಷವೂ ಅಷ್ಟೇ, ಒಂದು ಗೇಣು. ಜನ ಹೊಸ್ತಿಲ ಮುಂದಿನ ಮಣ್ಣು ಕೆರೆದು ಕೆರೆದು ಹೇಗೋ ಕೆಲವು ವರ್ಷ ದೂಡುತ್ತಾರೆ. ಇನ್ನು ಬಾಗಿಲು ತೆಗೆಯುವುದೇ ಆಗದು ಅನ್ನಿಸಿದ ವರ್ಷ ಬಡಗಿಯನ್ನು ಕರೆಸಿ ಮೇಲಿನ ಕಿಟಕಿಯನ್ನೇ ಬಾಗಿಲು ಮಾಡಿಸಿಕೊಳ್ಳುತ್ತಾರೆ. ಮದುವೆ ಪತ್ರಿಕೆಯಲ್ಲಿ ವಿಳಾಸದ ಕೆಳಗೆ ‘ಈ ವರ್ಷ ಬಾಗಿಲು ಬಾಲ್ಕನಿ ಕಡೆಗೆ’ ಎಂದು ಅಚ್ಚು ಹಾಕಿಸುವುದುಂಟು. ನೆಲ ಏರುತ್ತದೆ ಎನ್ನುವವರು ಕೆಲವರು, ಇಲ್ಲ, ಮನೆಗಳೇ ಇಳಿಯುತ್ತವೆ ಎನ್ನುವವರು ಕೆಲವರು. ಈ ವಾದಕ್ಕೆ ಬೀಗರು ಬೀಗರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಜಾಗ ಸಾಲದೆ ಹೋದಾಗ ತಾರಸಿಯ ಮೇಲೆ ಇನ್ನೊಂದು ಅಂತಸ್ತು ಏಳುತ್ತದೆ. ಕೆಳಗೆ ಹೂತುಹೋದ ಅಂತಸ್ತುಗಳಲ್ಲಿ ಹಳೆಯ ಸಾಮಾನು ತುಂಬುತ್ತಾರೆ. ಸಾಮಾನು ಮಾತ್ರ ತುಂಬುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ.

ನನ್ನ ಹೆಸರು ಇಂದುಮತಿ. ಪುರಸಭೆಯಲ್ಲಿ ಕಟ್ಟಡ ಅಳೆಯುವ ಕೆಲಸ. ಹನ್ನೊಂದು ವರ್ಷ ನಿವೇಶನದ ಉದ್ದಗಲ ಅಳೆದುಕೊಂಡು ನೆಮ್ಮದಿಯಾಗಿದ್ದೆ. ಆ ವರ್ಷ ಹೂಗಾರ ಓಣಿಯ ಒಂದು ಮನೆಗೆ ಬೆಂಕಿ ಬಿತ್ತು. ಮೇಲಿನ ಕಿಟಕಿಯಲ್ಲಿ ತಾಯಿ ಮಗಳು ನಿಂತಿದ್ದರು. ಅಗ್ನಿಶಾಮಕದವರ ಏಣಿ ಅವರಿಗಿಂತ ನಾಲ್ಕು ಅಡಿ ಕೆಳಗೇ ಮುಗಿದುಹೋಯಿತು. ಆಮೇಲೆ ಹೊಸ ಆದೇಶ ಬಂತು. ಊರಿನ ಏಣಿ ಐವತ್ತು ಅಡಿ. ಆದ್ದರಿಂದ ಯಾವ ಕಟ್ಟಡದ ಕೊನೆಯ ಅಂತಸ್ತೂ ನೆಲದಿಂದ ಐವತ್ತು ಅಡಿ ದಾಟಿರಬಾರದು. ದಾಟಿದ್ದರೆ ಅಲ್ಲಿರುವವರು ಮನೆ ಖಾಲಿ ಮಾಡಬೇಕು. ಫಾರಂನಲ್ಲಿ ಒಂದೇ ಒಂದು ಕಾಲಂ: ‘ಕಟ್ಟಡದ ಎತ್ತರ’. ಆ ಕಾಲಂ ತುಂಬುವವಳು ನಾನು. ಓದಿದಾಗ ಇದಕ್ಕಿಂತ ಸುಲಭದ ಕೆಲಸ ಇಲ್ಲವೆನ್ನಿಸಿತ್ತು.

ಕಿನ್ನರಿ ನಿವಾಸದ ಸರದಿ ಬಂದದ್ದು ಬೇಸಿಗೆಯ ಮೊದಲಲ್ಲಿ. ನಮ್ಮ ಕಚೇರಿಯ ಪಟ್ಟಿಯಲ್ಲಿ ಇಪ್ಪತ್ತಾರು ಮನೆಗಳ ಕಟ್ಟಡ. ಅಲ್ಲಿನ ಸಂಘದ ಕಾರ್ಯದರ್ಶಿ ಗುರುಶಾಂತಪ್ಪನವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ತೀರ ಮೇಲಿನ ಅಂತಸ್ತಿನಲ್ಲಿ ಅವರದೊಂದೇ ಮನೆ, ಉಳಿದದ್ದು ತಾರಸಿ. ನಾನು ಮುಂದಿನ ಬೀದಿಯಿಂದ ಅಳೆದೆ, ಐವತ್ತೊಂದು ಅಡಿ ಎರಡು ಇಂಚು. ಹಿಂದಿನ ಓಣಿಯಿಂದ ಅಳೆದೆ, ಐವತ್ತೆರಡೂವರೆ. ಎರಡರಲ್ಲಿ ಯಾವುದನ್ನು ಬರೆಯಬೇಕೋ ತಿಳಿಯದೆ, ನಾಳೆ ಬರುತ್ತೇನೆಂದು ಹೇಳಿ ಹೊರಟೆ. ಮರುದಿನ ಹೋದರೆ ಕಟ್ಟಡದ ಮುಂದೆ ನಾಲ್ಕು ಟ್ರ್ಯಾಕ್ಟರ್ ಮಣ್ಣು ಬಿದ್ದಿತ್ತು. ಗುರುಶಾಂತಪ್ಪನವರು ಅದರ ಮೇಲೆ ನಿಂತು ನಗುತ್ತಿದ್ದರು.

“ಈಗ ಅಳೀರಿ ಮೇಡಂ. ನಲವತ್ತೊಂಬತ್ತು ಮುಕ್ಕಾಲು ಬರ್ತದ.”

“ಇದು ನೀವು ಸುರಿಸಿದ ಮಣ್ಣು ಸರ್. ನೆಲ ಅಲ್ಲ.”

“ಅಲ್ರೀ, ವರ್ಷಾ ತಾನ ಏರ್ತದ. ಈ ಸಲ ನಾವು ಒಂದೀಟು ಮುಂಚೆ ಏರಿಸೀವಿ, ಅಷ್ಟ. ನೆಲ ಅಂದ್ರ ಏನು? ಕಾಲಿಡೋ ಜಾಗ. ಕಾಲಿಟ್ಟು ನೋಡ್ರಿ.”

ಕಾಲಿಟ್ಟೆ. ಕಣಕಾಲಿನವರೆಗೂ ಹೂತುಹೋಯಿತು. ಅವರೇ ಕೈಕೊಟ್ಟು ಎತ್ತಿದರು. ಚಪ್ಪಲಿ ಮಾತ್ರ ಒಳಗೇ ಉಳಿಯಿತು. ಅವರು ಮೋಸಗಾರರಲ್ಲ. ಮೂವತ್ತು ವರ್ಷದಿಂದ ಇದ್ದ ಮನೆ, ಗೋಡೆಯ ತುಂಬ ಅವರು ಬರೆದ ಚಿತ್ರಗಳು. ಒಂದು ಅಡಿ ಎರಡು ಇಂಚಿಗಾಗಿ ಅದನ್ನೆಲ್ಲ ಬಿಟ್ಟು ಹೋಗು ಎಂದರೆ ಯಾರಾದರೂ ಮಣ್ಣು ತರಿಸಿಯಾರು. ಹಾಗೆಂದು ನಲವತ್ತೊಂಬತ್ತು ಮುಕ್ಕಾಲು ಬರೆಯಲು ಪೆನ್ನು ಏಳಲಿಲ್ಲ.

ಹೊರಗಿನ ನೆಲದ ಗೊಡವೆಯೇ ಬೇಡ, ಒಳಗಿನಿಂದ ಅಳೆಯೋಣ ಎಂದುಕೊಂಡೆ. ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಮೇಲಿನಿಂದ ಟೇಪು ಬಿಟ್ಟರೆ ಬೀದಿ ಬಾಗಿಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗುರುಶಾಂತಪ್ಪನವರ ಬಾಗಿಲಲ್ಲಿ ಬಗ್ಗಿ ಟೇಪು ಬಿಟ್ಟೆ. ನಲವತ್ತು, ಐವತ್ತು, ಅರವತ್ತು. ನಿಲ್ಲಲಿಲ್ಲ. ಬೀದಿಯ ಮಟ್ಟ ದಾಟಿ ಕತ್ತಲೆಯೊಳಗೆ ಇಳಿಯುತ್ತಲೇ ಹೋಯಿತು. ಸುತ್ತಿಕೊಳ್ಳೋಣವೆಂದರೆ ತುದಿಯನ್ನು ಯಾರೋ ಹಿಡಿದು ಜಗ್ಗಿದರು. ತೀರ ಕೆಳಗಿನಿಂದ ಒಬ್ಬ ಹೆಂಗಸಿನ ಧ್ವನಿ ಬಂತು. “ಹಿಡದೀನಿ! ಅಳಿ ಯವ್ವಾ!”

ಟೇಪು ನೋಡಿದೆ. ಎಂಬತ್ತೊಂದು ಅಡಿ. ಗುರುಶಾಂತಪ್ಪನವರ ಕಡೆ ತಿರುಗಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಕೆಳಗ ಒಂದೈದು ಮನಿ ಅದಾವ. ಎತ್ತರಕ್ಕೂ ಅವಕ್ಕೂ ಸಂಬಂಧ ಇಲ್ಲಲ್ರೀ,” ಎಂದರು.

ಬೀದಿ ಬಾಗಿಲಿನಿಂದ ಕೆಳಕ್ಕೆ ಐವತ್ತೊಂದು ಮೆಟ್ಟಿಲು. ಕೊನೆಯ ಮೆಟ್ಟಿಲಲ್ಲಿ ಟೇಪಿನ ತುದಿ ಹಿಡಿದೇ ನಿಂತಿದ್ದಳು ದ್ಯಾಮವ್ವ. ವೀಳ್ಯದೆಲೆ ಮಾರುವವಳು. ಅರವತ್ತರ ಮೇಲಿನ ಗಟ್ಟಿ ಹೆಂಗಸು. ಕೋಣೆಯ ತುಂಬ ಹಸಿ ಗೋಣಿಚೀಲ ಹೊದ್ದ ಎಲೆಯ ಪೆಂಡಿಗಳು, ಮೂಗಿಗೆ ತಂಪಾದ ಖಾರ ವಾಸನೆ. ಗೋಡೆಯ ಪಕ್ಕದ ಮಂಚದಲ್ಲಿ ಅವಳ ನಾದಿನಿ ಫಕೀರವ್ವ ಕೂತಿದ್ದಳು. ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದಿತ್ತು. ಕಣ್ಣು ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ.

“ನಾ ಮದಿವಿ ಆಗಿ ಬಂದಾಗ ಇದ ಬೀದಿ ಮನಿ,” ಎಂದಳು ದ್ಯಾಮವ್ವ. “ಬಾ, ನಮ್ಮ ತಲಬಾಗಲಾ ತೋರಸ್ತೀನಿ.” ಎರಡು ಕದದ ಹಳೆಯ ಬಾಗಿಲು. ಹೊಸ್ತಿಲಿಗೆ ಅವತ್ತು ಬೆಳಿಗ್ಗೆ ಹಚ್ಚಿದ ಅರಿಸಿನ ಇನ್ನೂ ಹಸಿಯಾಗಿತ್ತು. ಅವಳು ಅಗುಳಿ ಸರಿಸಿ ಕದ ಒಳಕ್ಕೆ ಎಳೆದಳು. ಎದುರಿಗೆ ಮಣ್ಣು. ಬಾಗಿಲಿನ ಅಗಲಕ್ಕೂ ಎತ್ತರಕ್ಕೂ ಮಟ್ಟಸವಾಗಿ ನಿಂತ ಕಪ್ಪು ಮಣ್ಣು, ನಡುನಡುವೆ ಬೇರು. ನಲವತ್ತು ವರ್ಷದ ಗೇಣುಗಳು ಪದರ ಪದರವಾಗಿ ಕಾಣುತ್ತಿದ್ದವು. “ದಿನಾ ತೆಗದು ನೋಡ್ತೀನಿ. ಯಾಕಂತ ಕೇಳಬ್ಯಾಡ,” ಎಂದು ಮತ್ತೆ ಮುಚ್ಚಿದಳು. ಆಮೇಲೆ ನನ್ನ ಫಾರಂ ಕಡೆ ಕೈ ತೋರಿಸಿ, “ಅದರಾಗ ನಾವು ಎಷ್ಟು ಅಡಿ?” ಎಂದು ಕೇಳಿದಳು.

“ನೀವು ಇದರಲ್ಲಿ ಇಲ್ಲಮ್ಮ. ನೆಲದಿಂದ ಮೇಲಿನದು ಮಾತ್ರ,” ಎಂದೆ.

“ಇದೂ ನೆಲಾನ ಅಲ್ಲೇನು?” ಎಂದು ಅವಳು ಕಾಲಿನಿಂದ ಹಾಸುಗಲ್ಲನ್ನು ತಟ್ಟಿದಳು. ಅಷ್ಟರಲ್ಲೇ ದೀಪ ಹೋಯಿತು.

ಮೊದಲು ಕರೆಂಟು ಹೋಯಿತೆಂದೇ ತಿಳಿದೆವು. ಆಮೇಲೆ ವಾಸನೆ ಬಂತು, ಸುಟ್ಟ ವೈರಿನ ವಾಸನೆ. ಬೀದಿ ಬಾಗಿಲಿನ ಪಕ್ಕದಲ್ಲೇ ಇಡೀ ಕಟ್ಟಡದ ಮೀಟರ್ ಬೋರ್ಡು. ಅದು ಹತ್ತಿಕೊಂಡಿತ್ತು. ಮೇಲಿನವರು ಮೇಲಕ್ಕೆ ಓಡಬಹುದು. ಕೆಳಗಿನವರು ಆ ಬಾಗಿಲಿನ ಮೂಲಕವೇ ಹೋಗಬೇಕು, ಬೇರೆ ದಾರಿಯಿಲ್ಲ. ನಮ್ಮ ಮೇಲಿನ, ಹೂತುಹೋದ ಎರಡು ಅಂತಸ್ತಿನವರು ಬೀದಿಗೆ ಓಡಿದ ಸದ್ದು ಕೇಳಿ ನಿಂತಿತು. ಆಮೇಲೆ ನಾವು ಮೂವರೇ.

ದ್ಯಾಮವ್ವ ಕಿರುಚಲಿಲ್ಲ. ಎಲೆಯ ಮೇಲಿನ ಹಸಿ ಗೋಣಿಚೀಲ ಕಿತ್ತು ನನ್ನ ತಲೆಯ ಮೇಲೆ ಹಾಕಿದಳು. ಫಕೀರವ್ವನನ್ನು ಜಮಖಾನದಲ್ಲಿ ಮಲಗಿಸಿ ಎರಡು ತುದಿ ನನ್ನ ಕೈಗೆ ಕೊಟ್ಟಳು. ಕತ್ತಲೆಯಲ್ಲಿ ನನಗೆ ದಿಕ್ಕೇ ತಪ್ಪಿತು. ಮೆಟ್ಟಿಲು ಹತ್ತುತ್ತಿದ್ದೇನೆ ಎಂದುಕೊಂಡು ಗೋಡೆಗೆ ಮುಖ ಹೊಡೆದುಕೊಂಡೆ. ಯಾವುದು ಮೇಲೆ, ಯಾವುದು ಕೆಳಗೆ? ಎತ್ತರ ಅಳೆದು ಸಂಬಳ ತೆಗೆದುಕೊಳ್ಳುವವಳಿಗೆ ಅಷ್ಟೂ ತಿಳಿಯಲಿಲ್ಲ. “ನನ್ನ ದನಿ ಹಿಡಕೊಂಡು ಬಾ,” ಎಂದು ಹಿಮ್ಮುಖವಾಗಿ ಹತ್ತುತ್ತಾ ಅವಳು ಎಣಿಸತೊಡಗಿದಳು. ಹನ್ನೆರಡು, ಹದಿಮೂರು, ಇಲ್ಲಿ ಕಲ್ಲು ಒಡದದ, ಹುಷಾರು, ಹದಿನಾಕು. ಮೂವತ್ತು ದಾಟುವಾಗ ಅವಳಿಗೂ ಕೆಮ್ಮು ಹತ್ತಿತು, ಎಣಿಕೆ ತುಂಡಾಯಿತು. ಆಗ ಜಮಖಾನದೊಳಗಿನಿಂದ ಫಕೀರವ್ವ, ತೊದಲುವ ನಾಲಗೆಯಲ್ಲಿ, ಬಿಟ್ಟಲ್ಲಿಂದ ಮುಂದಕ್ಕೆ ಎಣಿಸಿದಳು. ನಲವತ್ತೆಂಟರಲ್ಲಿ ಬಲಗಡೆ ಬಿಸಿ ತಗುಲಿತು. ಐವತ್ತೊಂದರಲ್ಲಿ ಬೆಳಕು.

ಬೀದಿಗೆ ಬಿದ್ದಾಗ ನಡು ಮಧ್ಯಾಹ್ನ. ಎಲ್ಲರೂ ಕತ್ತೆತ್ತಿ ಮೇಲಿನ ಹೊಗೆ ನೋಡುತ್ತಿದ್ದರು. ಅಗ್ನಿಶಾಮಕದ ಗಾಡಿ ಮುಂದೆ ಬರಲಾಗದೆ ಹಿಂದಿನ ಓಣಿಗೆ ಹೋಗಿತ್ತು. ಮುಂದೆ ಆ ನಾಲ್ಕು ಟ್ರ್ಯಾಕ್ಟರ್ ಮಣ್ಣು ಅಡ್ಡವಿತ್ತಲ್ಲ. ಓಣಿಯಲ್ಲಿ ಏಣಿ ಎರಡೂವರೆ ಅಡಿ ಕಡಿಮೆ ಬಿದ್ದಿತು. ಗುರುಶಾಂತಪ್ಪನವರು ಕಿಟಕಿಯ ಅಂಚಿಗೆ ಜೋತುಬಿದ್ದು, ಏಣಿಯ ತುದಿಯಲ್ಲಿದ್ದ ಸಿಬ್ಬಂದಿಯ ಹೆಗಲಿಗಾಗಿ ಗಾಳಿಯಲ್ಲಿ ಕಾಲು ಆಡಿಸುತ್ತಿದ್ದರಂತೆ. ಕೊನೆಗೆ ಸಿಕ್ಕಿತು. ಅವರು ಇಳಿದ ಕೂಡಲೇ ಗಾಡಿಯ ಮುಖ್ಯಸ್ಥ ಕೈಯಲ್ಲಿದ್ದ ಪಟ್ಟಿ ನೋಡಿ, ಎಲ್ಲರೂ ಬಂದರು, ಕಟ್ಟಡ ಖಾಲಿ ಎಂದು ಕೂಗಿದ್ದ. ಅವನು ಕೂಗಿದ ಮೇಲೆ ನಾವು ಹೊರಗೆ ಬಂದದ್ದು. ಅವನ ಕೈಯ ಪಟ್ಟಿ ನಮ್ಮ ಕಚೇರಿಯದು, ಹಿಂದಿನ ವರ್ಷ ನಾನೇ ಬರೆದದ್ದು. ಅದರಲ್ಲಿ ಬೀದಿಯಿಂದ ಮೇಲಿನ ಮನೆಗಳು ಮಾತ್ರ ಇದ್ದವು.

ಬೆಂಕಿ ಬೇಗ ಆರಿತು, ಯಾರೂ ಸಾಯಲಿಲ್ಲ. ಮರುದಿನ ನಾನು ಕಾಲಂನಲ್ಲಿ ಎಂಬತ್ತೊಂದು ಅಡಿ ಎಂದು ಬರೆದೆ. ನಮ್ಮ ಎಂಜಿನಿಯರ್ ವಾದಿರಾಜರು ಫಾರಂ ಹಿಡಿದು ನನ್ನನ್ನು ಒಳಗೆ ಕರೆದರು. “ಎಲ್ಲಿಂದ ಅಳದ್ರಿ?”

“ತೀರ ಕೆಳಗೆ, ದ್ಯಾಮವ್ವನ ಮನೆಯ ನೆಲದಿಂದ ಸರ್.”

“ನೆಲದಿಂದ ಮ್ಯಾಲಿಂದು ಎತ್ತರ. ಕೆಳಗಿಂದು ಆಳ. ಆಳಕ್ಕ ನಮ್ಮಲ್ಲಿ ಕಾಲಂ ಇಲ್ಲ.”

“ಮತ್ತೆ ಯಾರ ಹತ್ತಿರ ಇದೆ ಸರ್?”

ಅವರು ಬಹಳ ಹೊತ್ತು ಫಾರಂ ತಿರುಗಿಸಿ ಮುರುಗಿಸಿ ನೋಡಿದರು. ಒಳ್ಳೆಯ ಮನುಷ್ಯ, ಯಾರಿಗೂ ಗದರಿದವರಲ್ಲ. ಕೊನೆಗೆ ಕೆಳಗಿನ ಮೂರು ಅಂತಸ್ತು ಮತ್ತು ತೀರ ಮೇಲಿನದು, ಎಲ್ಲ ಹದಿನೈದು ದಿನದಲ್ಲಿ ಖಾಲಿ ಮಾಡಬೇಕು ಎಂದು ಬರೆದು ಸಹಿ ಹಾಕಿದರು. ನನಗೆ ಸಮಾಧಾನವೇ ಆಯಿತು. ಇನ್ನು ಆ ಹೆಂಗಸರು ಕ್ಷೇಮ ಎಂದುಕೊಂಡೆ.

ಮೂರನೇ ದಿನ ದ್ಯಾಮವ್ವ ಕಚೇರಿಗೆ ಬಂದಳು. ನೋಟೀಸನ್ನು ನನ್ನ ಮೇಜಿನ ಮೇಲೆ ಇಟ್ಟು ನಿಂತೇ ಇದ್ದಳು. “ಕೂತುಕೊಳ್ಳಿ” ಎಂದರೂ ಕೂರಲಿಲ್ಲ. “ಆವತ್ತು ನಾ ಆ ಟೇಪು ಹಿಡೀಬಾರದಿತ್ತು,” ಎಂದಳು. “ಮ್ಯಾಲಿನ ಕೋಣ್ಯಾಗ ನನ್ನ ಎಲಿ ಮಧ್ಯಾಹ್ನಕ್ಕ ಸುಟ್ಟ ಹಪ್ಪಳ ಆಗ್ತಾವ. ಫಕೀರವ್ವನ್ನ ಯಾವ ಮೆಟ್ಟಿಲ ಹತ್ತಸಲಿ? ಮನಿ ಬಿಡಸು ಅಂತ ನಾ ನಿನಗ ಕೇಳಿದ್ನೇನು? ನೀ ಕೇಳಿದ್ರ ಮಣ್ಣಾಗಿಂದ ಬಾಗಲಾ ಬಿಡಸು ಅಂತಿದ್ದೆ.”

ನಾನು ಆ ಹೊತ್ತಿನವರೆಗೆ ಅವಳನ್ನು ಏನೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ವಾದಿರಾಜರ ಬಳಿ ಹೋಗಿ ಎರಡು ತಿಂಗಳು ಗಡುವು ಕೇಳಿದೆ. ಏಕೆಂದು ಕೇಳದೆ ಕೊಟ್ಟರು.

ಬಾಗಿಲಿನ ಮಾತನ್ನು ಗುರುಶಾಂತಪ್ಪನವರ ಕಿವಿಗೆ ಹಾಕಿದೆ. ಅವರ ಎರಡೂ ಅಂಗೈ ಕಿಟಕಿಯ ಅಂಚಿಗೆ ಕೊಯ್ದು ಬಟ್ಟೆ ಸುತ್ತಿತ್ತು. ಸಂಜೆಯ ಹೊತ್ತಿಗೆ ದೊಡ್ಡದೊಂದು ಡ್ರಾಯಿಂಗ್ ಹಾಳೆ ತಂದು ಬಿಚ್ಚಿದರು. ಹಳೆಯ ತಲೆಬಾಗಿಲಿನ ಮುಂದೆ ಬಾವಿಯಂಥ ಹೊಂಡ, ಅದರ ಗೋಡೆ ಹಿಡಿದು ಬೀದಿಯವರೆಗೆ ಸುತ್ತಿ ಬರುವ ಅಗಲ ಮೆಟ್ಟಿಲು. “ಮಣ್ಣು ತರಿಸಿದವನು ನಾನು. ತಗಸೋದೂ ನಾನ,” ಎಂದರು. ಕೆಳಗಿನ ಐದೂ ಸೇರಿ ಮೂವತ್ತೊಂದು ಮನೆಯವರೂ ಅಗೆದರು. ಪುಟ್ಟಿ ಹೊತ್ತರು, ಬೈದಾಡಿದರು, ಒಬ್ಬರಿಗೊಬ್ಬರು ಊಟ ತಂದುಕೊಟ್ಟರು. ಮೇಲಿನ ಐದನೇ ಅಂತಸ್ತಿನ ಒಬ್ಬಾಕೆ ದ್ಯಾಮವ್ವನ ಎಲೆಯನ್ನು ಇಪ್ಪತ್ತು ವರ್ಷದಿಂದ ತಿನ್ನುತ್ತಿದ್ದಳು. ಅದು ತನ್ನದೇ ಮನೆಯ ಕೆಳಗಿನಿಂದ ಬರುತ್ತದೆ ಎಂದು ಅವಳಿಗೆ ತಿಳಿದದ್ದು ಆಗಲೇ. ಐವತ್ತನಾಲ್ಕನೇ ದಿನ ಒಳಗಿನಿಂದ ಅಗುಳಿ ಸರಿಯಿತು, ಕದ ತೆರೆಯಿತು. ಫಕೀರವ್ವನನ್ನು ಮಂಚ ಸಮೇತ ಎತ್ತಿ ಹೊಸ್ತಿಲಾಚೆ ಬಿಸಿಲಿನಲ್ಲಿ ಇಟ್ಟರು. ಅವಳು ಒಂದು ಕಣ್ಣು ಮುಚ್ಚಿ ಮೇಲೆ ನೋಡಿದಳು.

ಪರಿಶೀಲನೆಗೆ ವಾದಿರಾಜರೇ ಬಂದರು. ಮೆಟ್ಟಿಲಿಳಿದು ಹೊಂಡದ ತಳದಲ್ಲಿ ನಿಂತರು. ತಲೆಯ ಮೇಲೆ ಚೌಕ ಆಕಾಶ. ಅವರ ಮುಖ ಸಣ್ಣಗಾಯಿತು. “ಇದು ಬಯಲು,” ಎಂದರು. “ಬಯಲು ಅಂದ ಮ್ಯಾಲೆ ಇದ ನೆಲ. ಎತ್ತರ ಇನ್ನ ಇಲ್ಲಿಂದ ಹಿಡೀಬೇಕು. ಇಂದುಮತಿ ಅವ್ರ, ಈಗ ಖರೇನ ಎಂಬತ್ತೊಂದು ಅಡಿ ಆತು. ಖಾಲಿ ಮಾಡಸ್ಬೇಕಾದ್ದು ಮ್ಯಾಲಿನ ಒಂದು ಅಂತಸ್ತಲ್ಲ, ಮೂರು.”

ಕೆಳಗಿನವರಿಗೆ ಬಾಗಿಲು ತೆಗೆದುಕೊಟ್ಟು ಮೇಲಿನವರು ತಮ್ಮ ಮನೆ ತಾವೇ ಕಳೆದುಕೊಂಡಂತಾಗಿತ್ತು. ಎಲೆ ತಿನ್ನುವ ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು, ನಾನು ಬೇಕೆಂದೇ ಹೀಗೆ ಮಾಡಿದೆನೇನೋ ಎಂಬಂತೆ. ಮನೆಗೆ ಹೋದೆ. ಅನ್ನಕ್ಕೆ ಇಟ್ಟ ನೀರಿಗೆ ಅಕ್ಕಿ ಹಾಕುವುದನ್ನೇ ಮರೆತೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆದರೆ ಏಣಿಯನ್ನು ಹೊಂಡದೊಳಗೆ ಯಾರು ತಾನೇ ನಿಲ್ಲಿಸುತ್ತಾರೆ?

ಮರುದಿನ ಬೆಳಿಗ್ಗೆ ಕಿನ್ನರಿ ನಿವಾಸದ ಒಂದೊಂದೇ ಮನೆಗೆ ಹೋದೆ. ನೀವು ಮಲಗುವುದು ಎಲ್ಲಿ ಎಂದು ಕೇಳಿದೆ. ಬೆಂಕಿ ಬಿದ್ದರೆ ಮೊದಲು ಕಾಲಿಡುವ ಗಟ್ಟಿ ಜಾಗ ಯಾವುದು, ಇಲ್ಲವೇ ಏಣಿ ಬಂದು ತಾಗುವ ಕಿಟಕಿ ಯಾವುದು ಎಂದು ಕೇಳಿದೆ. ಹಾಸಿಗೆಯಿಂದ ಆ ಗಟ್ಟಿ ಜಾಗದವರೆಗೆ, ಕಿಟಕಿಯಾದರೆ ಅಲ್ಲಿಂದ ಏಣಿ ನಿಲ್ಲುವ ಬೀದಿಯವರೆಗೆ ಟೇಪು ಹಿಡಿದೆ. ಒಬ್ಬೊಬ್ಬರದು ಒಂದೊಂದು ಅಂಕಿ. ಒಂದೇ ಮಹಡಿಯ ಎದುರು ಬದುರು ಮನೆಗಳೂ ಹೊಂದಲಿಲ್ಲ. ಎರಡು ದಿನ ಹಿಡಿಯಿತು. ದ್ಯಾಮವ್ವನ ಮನೆಯ ಮಂಚದಿಂದ ಹೊಸ್ತಿಲಿಗೆ ಹದಿನಾಲ್ಕು ಅಡಿ. ಕಟ್ಟಡದಲ್ಲೇ ಅದು ಅತಿ ಕಡಿಮೆ. ಗುರುಶಾಂತಪ್ಪನವರ ಕಿಟಕಿಯಿಂದ ಮುಂದಿನ ಬೀದಿಗೆ, ಮಣ್ಣೆಲ್ಲ ತೆಗೆದ ಮೇಲೆ, ಮತ್ತದೇ ಐವತ್ತೊಂದು ಅಡಿ ಎರಡು ಇಂಚು. ಪೆನ್ನು ಹಿಡಿದು ಅವರ ಮುಖ ನೋಡಿದೆ.

“ಇದ್ದದ್ದು ಬರೀರಿ,” ಎಂದರು. “ಜೋತುಬಿದ್ದಾಂವ ನಾನು, ಎಷ್ಟು ಕಮ್ಮಿ ಐತಿ ಅಂತ ನನಗ ಗೊತ್ತಿಲ್ಲೇನು?” ಆ ವಾರವೇ ಅವರು ಚಿತ್ರಗಳನ್ನೆಲ್ಲ ಬಿಚ್ಚಿಕೊಂಡು ದ್ಯಾಮವ್ವನ ಪಕ್ಕದ ಖಾಲಿ ಕೋಣೆಗಳಿಗೆ ಇಳಿದರು. ತಂಪಿಗೆ ಬಣ್ಣ ಒಣಗುವುದೇ ಇಲ್ಲ ಎಂದು ಗೊಣಗುತ್ತಿದ್ದರು. ಉಳಿದವರ ಅಂಕಿಗಳೆಲ್ಲ ಐವತ್ತರ ಒಳಗೇ ಇದ್ದವು.

ಫಾರಂ ನೋಡಿ ವಾದಿರಾಜರು ಕನ್ನಡಕ ಹಣೆಗೇರಿಸಿದರು. “ಕಾಲಂ ಇರೋದು ಒಂದು. ನೀವು ಮೂವತ್ತೊಂದು ಅಂಕಿ ಬರದೀರಿ.”

“ಮೂವತ್ತೊಂದು ಮನೆ ಇದಾವೆ ಸರ್. ಒಂದೇ ಅಂಕಿ ಯಾರದು ಅಂತ ಬರೀಲಿ?”

ಬೈಯುತ್ತಾರೆ ಎಂದು ಕಾದೆ. ಅವರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಕೆಳಗಿನ ಐದು ಮನೆಗಳ ಸಾಲಿಗೆ ಬಂದಾಗ ಬೆರಳು ನಿಂತಿತು. ಸಹಿ ಹಾಕಿದರು. ಹಾಕಿ, ಪೆನ್ನಿನ ಮುಚ್ಚಳ ಹುಡುಕುತ್ತಾ, “ಟೇಪು ಚೀಲದಾಗ ಐತೇನ್ರಿ? ನಮ್ಮನಿ ತನಕ ಬರ್ತೀರಾ?” ಎಂದರು.

ಅವರ ಮನೆ ಕಚೇರಿಯ ಹಿಂದಿನ ಬೀದಿಯಲ್ಲಿ, ನಾಲ್ಕನೇ ಮಹಡಿಯಲ್ಲಿ. ಎಷ್ಟೋ ಸಲ ಹಬ್ಬಕ್ಕೆ ಹೋಗಿ ಊಟ ಮಾಡಿ ಬಂದಿದ್ದೆ. ಬೀದಿ ಬಾಗಿಲು ದಾಟಿದ ಮೇಲೆ ಅಭ್ಯಾಸದಂತೆ ಮೇಲಿನ ಮೆಟ್ಟಿಲ ಕಡೆ ತಿರುಗಿದೆ. ಹಿಂದೆ ಹೆಜ್ಜೆ ಸದ್ದು ಕೇಳದೆ ನೋಡಿದರೆ, ವಾದಿರಾಜರು ಆಚೆ ಕಡೆ ಒಂದು ಸಣ್ಣ ಕದ ತೆಗೆದು ನಿಂತಿದ್ದರು. ಅದರಾಚೆ ಕೆಳಕ್ಕೆ ಇಳಿಯುವ ಮೆಟ್ಟಿಲು, ಗೋಡೆಗೊಂದು ಮಂಕು ಬಲ್ಬು. ಕೈ ಚಾಚಿ ಟೇಪಿನ ತುದಿ ಕೇಳಿದರು. ಕೊಟ್ಟೆ.

“ನಮ್ಮಕ್ಕ ಕೆಳಗಿರ್ತಾಳ,” ಎಂದರು. “ಇಪ್ಪತ್ತೆರಡು ವರ್ಷ ಆತು.” ನಾನು ಟೇಪು ಬಿಡುತ್ತಾ ಹೋದೆ. ಅವರು ಗೋಡೆ ಹಿಡಿದುಕೊಂಡು ಇಳಿಯುತ್ತಾ ಹೋದರು.